ಬೇಸಿಗೆ ರಜೆಯಲ್ಲಿ ಒತ್ತಕ್ಷರವೂ ಕಳೆಯುವ ಲೆಕ್ಕವೂ ಕೈತಪ್ಪದಿರಲು

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ಹೆಚ್ಚುಕಡಿಮೆ ಏಳು ವಾರ. ದಾವಣಗೆರೆ, ಚಿತ್ರದುರ್ಗದ ಬಿಸಿಲಿನಲ್ಲಿ ಮಕ್ಕಳಿಗೆ ಈ ರಜೆ ಬೇಕೇ ಬೇಕು. ಆದರೆ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಈ ಏಳು ವಾರದಲ್ಲಿ ಎರಡು ವಿಷಯ ಬೇಗ ಮರೆತುಹೋಗುತ್ತವೆ: ಒತ್ತಕ್ಷರ, ಕಾಗುಣಿತ ತಪ್ಪದೆ ಬರೆಯುವುದು, ಮತ್ತು ಕೂಡುವ, ಕಳೆಯುವ ಲೆಕ್ಕ. ಕತೆ ಕೇಳಿ ಅರ್ಥ ಮಾಡಿಕೊಳ್ಳುವುದು ಅಷ್ಟು ಸುಲಭವಾಗಿ ಮರೆಯುವುದಿಲ್ಲ, ಮನೆಯ ಮಾತುಕತೆಯೇ ಅದನ್ನು ಕಾಯುತ್ತದೆ. ಬರಹ ಮತ್ತು ಲೆಕ್ಕ ಮಾತ್ರ ಕೈರೂಢಿಯ ಕೆಲಸ, ರೂಢಿ ಬಿಟ್ಟರೆ ಹೋಯಿತು.

ಹಾಗಾಗಿ ರಜೆಯ ಕೆಲಸವೆಂದರೆ ಮುಗಿದ ತರಗತಿಯಲ್ಲಿ ಕಲಿತದ್ದನ್ನು ಗಟ್ಟಿಯಾಗಿ ಉಳಿಸಿಕೊಳ್ಳುವುದು, ಅಷ್ಟೇ. ಮುಂದಿನ ತರಗತಿಯ ಗೈಡು ತಂದು ಏಪ್ರಿಲ್‌ನಲ್ಲೇ ಪಾಠ ಶುರು ಮಾಡುವ ಮನೆಗಳಿವೆ. ಅದರಿಂದ ಹಳೆಯದು ಅರ್ಧಂಬರ್ಧವಾಗಿಯೇ ಉಳಿಯುತ್ತದೆ, ಜೂನ್‌ನಲ್ಲಿ ಹೊಸ ಪಾಠ ಬಂದಾಗ ಮಗುವಿಗೆ ಕುತೂಹಲವೂ ಇರುವುದಿಲ್ಲ. ದಯವಿಟ್ಟು ಅದನ್ನು ಮಾಡಬೇಡಿ.

ಮೊದಲ ವಾರ: ಬಿಟ್ಟುಬಿಡಿ, ಆಮೇಲೆ 20 ನಿಮಿಷ ನೋಡಿ

ಮೊದಲ ನಾಲ್ಕೈದು ದಿನ ಪುಸ್ತಕದ ಮಾತೇ ಬೇಡ. ಅದಾದ ಮೇಲೆ ಒಂದು ಬೆಳಗ್ಗೆ, ಮಗು ತಿಂಡಿ ತಿಂದು ಖುಷಿಯಾಗಿರುವಾಗ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ನೋಡಿಕೊಳ್ಳಿ. "ಟೆಸ್ಟ್" ಎಂಬ ಪದ ಬಾಯಲ್ಲಿ ಬರಬಾರದು.

ಓದಿಗೆ ಮುಗಿದ ತರಗತಿಯ ಕನ್ನಡ ಪುಸ್ತಕದ ನಡುಭಾಗದ ಒಂದು ಪಾಠ ತೆಗೆಯಿರಿ. ಪುಸ್ತಕ ಮನೆಯಲ್ಲಿ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಸುಮಾರು 50 ಪದಗಳ ಒಂದು ಭಾಗ ಓದಿಸಿ. ಐದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಆ ಪುಸ್ತಕ ಸದ್ಯಕ್ಕೆ ಒಂಟಿಯಾಗಿ ಓದಲು ಕಷ್ಟ, ಒಂದು ತರಗತಿ ಕೆಳಗಿನದು ಹಿಡಿಯಿರಿ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಅಳತೆಯನ್ನು ಕನ್ನಡಕ್ಕೆ ತರಬೇಡಿ. "ಮನೆಯಲ್ಲಿರುವವರಿಗೆ" ಎಂಬುದು ನಮ್ಮಲ್ಲಿ ಒಂದೇ ಪದ. ಅದನ್ನು ಒಡೆದು ಓದಲು ಮಗುವಿಗೆ ಸಮಯ ಬೇಕು, ಅದು ತಪ್ಪಲ್ಲ.

ಬರಹಕ್ಕೆ ಹತ್ತು ಪದಗಳ ಉಕ್ತಲೇಖನ ಸಾಕು: ಮರ, ಗಾಳಿ, ಕೋಳಿ, ಅಮ್ಮ, ಅಕ್ಕಿ, ರೊಟ್ಟಿ, ಎಣ್ಣೆ, ಪುಸ್ತಕ, ಚಕ್ರ, ಸೂರ್ಯ. ಎಲ್ಲಿ ತಪ್ಪಿತು ಎಂಬುದಕ್ಕಿಂತ ಯಾವ ಜಾತಿಯ ತಪ್ಪು ಎಂದು ನೋಡಿ. ದೀರ್ಘ ಬಿಟ್ಟರೆ ಒಂದು, ಒತ್ತು ಬಿಟ್ಟರೆ ಇನ್ನೊಂದು, ಒತ್ತು ಹಾಕಿದರೂ ಬೇರೆ ಅಕ್ಷರದ್ದು ಹಾಕಿದರೆ ಮತ್ತೊಂದು.

ಲೆಕ್ಕಕ್ಕೆ ಒಂದನೇ ತರಗತಿ ಮುಗಿಸಿದವರಿಗೆ 8+7, 15−6. ಎರಡು, ಮೂರು ಮುಗಿಸಿದವರಿಗೆ 34+28, 52−27, ಜೊತೆಗೆ "ಮುನ್ನೂರ ಐದು" ಎಂದು ಹೇಳಿ ಅಂಕಿಯಲ್ಲಿ ಬರೆಸುವುದು. ಉತ್ತರ ತಪ್ಪಿದರೆ ಆ ತಪ್ಪನ್ನೇ ಬರೆದಿಟ್ಟುಕೊಳ್ಳಿ. 34+28ಕ್ಕೆ 512 ಬಂದರೆ ಹನ್ನೆರಡನ್ನು ಹಾಗೇ ಕೆಳಗೆ ಇಳಿಸಿದೆ, ದಶಕ ಮೇಲಕ್ಕೆ ಹೋಗಿಲ್ಲ. 52−27ಕ್ಕೆ 35 ಬಂದರೆ ಎರಡರಲ್ಲಿ ಏಳು ಹೋಗದು ಎಂದು ತಿರುಗಿಸಿ ಏಳರಲ್ಲಿ ಎರಡು ಕಳೆದಿದೆ. 305ರ ಬದಲು 3005 ಬರೆದರೆ ಕೇಳಿದಂತೆಯೇ ಬರೆದಿದೆ, ಸ್ಥಾನಬೆಲೆ ಕೂತಿಲ್ಲ. ಮೂರಕ್ಕೂ ಮದ್ದು ಬೇರೆಬೇರೆ, ಆದ್ದರಿಂದ "ಲೆಕ್ಕದಲ್ಲಿ ವೀಕು" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ.

ಈ ಹಾಳೆಗೆ ತಾರೀಖು ಹಾಕಿ ಎತ್ತಿಡಿ. ಕೊನೆಗೆ ಬೇಕಾಗುತ್ತದೆ.

ದಿನಕ್ಕೆ 35 ನಿಮಿಷ, ಬಿಸಿಲೇರುವ ಮೊದಲು

ಎಂಟು ಗಂಟೆಯ ಆಸುಪಾಸು ಒಳ್ಳೆಯ ಹೊತ್ತು. ಹತ್ತರ ಮೇಲೆ ತಗಡಿನ ಮನೆ, ಆರ್‌ಸಿಸಿ ಮನೆ ಎರಡೂ ಕಾಯುತ್ತವೆ, ಸಂಜೆ ಕರೆಂಟು ನಂಬುವಂತಿಲ್ಲ. ಹೊಲ, ಗಾರ್ಮೆಂಟ್ಸ್, ಮಿಲ್ಲು ಎಂದು ಅಮ್ಮ ಬೇಗ ಹೊರಡುವ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಾಗಿರಲಿ.

ಹನ್ನೆರಡು ನಿಮಿಷ ಓದು, ಹತ್ತು ನಿಮಿಷ ಬರಹ, ಹದಿಮೂರು ನಿಮಿಷ ಲೆಕ್ಕ. ಒಂದನೇ ತರಗತಿಯ ಮಗುವಿಗೆ ಒಟ್ಟು 20 ನಿಮಿಷ ಸಾಕು. ವಾರಕ್ಕೆ ಐದು ದಿನ. ಅಜ್ಜಿಮನೆ, ಮದುವೆ, ಜಾತ್ರೆಯ ದಿನ ಕಳೆದರೆ ರಜೆಯಲ್ಲಿ 28 ದಿನ ಸಿಗಬಹುದು, ಅಂದರೆ 16 ಗಂಟೆಗೂ ಮೇಲೆ. ಅದೇ 16 ಗಂಟೆಯನ್ನು ಮೇ ಕೊನೆಯ ವಾರ ದಿನಕ್ಕೆ ಎರಡೂವರೆ ಗಂಟೆಯಂತೆ ಕೂರಿಸಿ ತುಂಬಿಸಲು ಹೋದರೆ ಹಿಡಿಯುವುದಿಲ್ಲ. ಸ್ವಲ್ಪ ಮರೆತು ಮತ್ತೆ ನೆನಪಿಸಿಕೊಂಡಾಗಲೇ ಕಲಿತದ್ದು ಗಟ್ಟಿಯಾಗುವುದು, ಅದಕ್ಕೆ ನಡುವೆ ದಿನಗಳ ಅಂತರ ಬೇಕು.

ಅಜ್ಜಿಮನೆಗೆ ಹೋದಾಗ ಹತ್ತು ನಿಮಿಷ ಓದು, ಒಂದು ಆಟ. ಬೇರೇನೂ ಬೇಡ.

ಓದು: ಒಂದೇ ಪುಟ ಮೂರು ದಿನ

ಎಂಟು ಹತ್ತು ಸಾಲಿನ ಒಂದು ತುಣುಕು ಆರಿಸಿ. ಮೊದಲ ದಿನ ದೊಡ್ಡವರು ಓದಿ ಕೇಳಿಸಿ, ಮಗು ಪದದ ಕೆಳಗೆ ಬೆರಳಾಡಿಸಲಿ. ಎರಡನೇ ದಿನ ಇಬ್ಬರೂ ಒಟ್ಟಿಗೆ. ಮೂರನೇ ದಿನ ಮಗು ಒಂದೇ. ಅದೇ ಪುಟ ಮತ್ತೆ ಓದಿದರೆ ಬಾಯಿಪಾಠವಾಗುತ್ತದೆ ಎಂಬ ಭಯ ಬೇಡ. ಮೂರನೇ ಸಲಕ್ಕೆ ಅಕ್ಷರ ಕೂಡಿಸುವ ಶ್ರಮ ಕಡಿಮೆಯಾಗಿ ಅರ್ಥದ ಕಡೆ ಗಮನ ಹೋಗುತ್ತದೆ, ಧ್ವನಿಯಲ್ಲಿ ಏರಿಳಿತ ಬರುತ್ತದೆ.

ಮಗು ಒಂದು ಪದದಲ್ಲಿ ನಿಂತರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಿರಿ. ಥಟ್ಟನೆ ಹೇಳಿಕೊಟ್ಟರೆ ಮುಂದಿನ ಸಲ ಪುಟ ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತದೆ. ಐದಾದರೂ ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ. ಅರ್ಥ ಕೆಡದ ಸಣ್ಣ ತಪ್ಪಿಗೆ ತಡೆಯಬೇಡಿ.

ಮನೆಯಲ್ಲಿ ಓದಲು ಬರುವವರು ಇಲ್ಲದಿದ್ದರೆ? ಆಗಲೂ ಈ ಕೆಲಸ ನಡೆಯುತ್ತದೆ. ಅಜ್ಜಿಯೋ ಅಮ್ಮನೋ ಪಕ್ಕದಲ್ಲಿ ಕೂತು ಕೇಳಿ, "ಆಮೇಲೆ ಏನಾತು? ಅವನ್ಯಾಕೆ ಹಂಗೆ ಮಾಡಿದ?" ಎಂದು ಕೇಳಿದರೆ ಸಾಕು. ಉತ್ತರ ಹೇಳಬೇಕೆಂದರೆ ಮಗು ಅರ್ಥ ಮಾಡಿಕೊಂಡೇ ಓದಬೇಕು. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮನೆಮಾತು ತೆಲುಗು ಇರಬಹುದು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಓದಿದ ಕತೆಯನ್ನು ಮೊದಲು ಮನೆಮಾತಿನಲ್ಲಿ ಹೇಳಲಿ, ಆಮೇಲೆ ಕನ್ನಡದಲ್ಲಿ ಎರಡು ಸಾಲು. ಕತೆಯ ಅರ್ಥ ಯಾವ ಭಾಷೆಯಲ್ಲಿ ಕೂತರೂ ಕೂತಂತೆಯೇ. ಹಾಗೆಯೇ "ಹಾಲು" ಎಂಬುದನ್ನು "ಆಲು" ಎನ್ನುವ ಮಗುವಿನ ಮಾತನ್ನು ತಿದ್ದಿ ಅವಮಾನಿಸಬೇಡಿ. ಪುಸ್ತಕದಲ್ಲಿ ಹೇಗಿದೆ ಎಂದು ತೋರಿಸಿ, ಬರೆಯುವಾಗ ಹಾಗೆ ಬರೆದರಾಯಿತು.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಎನ್ನುತ್ತಾರೆ, 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತವೆ. ಫೋನು ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ನಾಲ್ಕು ಹಂತಗಳಲ್ಲಿ ಪುಕ್ಕಟೆ ಸಿಗುತ್ತವೆ. ಒಂದನೇ ಹಂತದಿಂದಲೇ ಹಿಡಿಯಿರಿ, ಸುಲಭವಾದದ್ದನ್ನು ನಿರರ್ಗಳ ಓದಿದ ಹುಮ್ಮಸ್ಸಿನಲ್ಲಿ ಮಗು ತಾನೇ ಮೇಲಿನದನ್ನು ಕೇಳುತ್ತದೆ.

ಬರಹ: ಹನ್ನೆರಡು ತಾಲ್ಲೂಕು, ಕನ್ನಡದ ಎಲ್ಲ ತೊಡಕು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿ ಹನ್ನೆರಡು ತಾಲ್ಲೂಕು. ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹಲಗೆಯ ಮೇಲೆ ಮಗು ದಿನವೂ ನೋಡುವ ಹೆಸರುಗಳಿವು. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ ಎಂದು ಜೋಡಿಸಿದರೆ ಉಕ್ತಲೇಖನಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ.

ಹರಿಹರದಲ್ಲಿ ಗುಡಿಸು ಬಿಟ್ಟರೆ ಬೇರೆ ಕಷ್ಟವಿಲ್ಲ. ಹಿರಿಯೂರು, ಜಗಳೂರು ದೀರ್ಘ ಕಲಿಸುತ್ತವೆ: "ಯೂ", "ಳೂ" ಎಳೆಯಬೇಕು, "ರು" ಎಳೆಯಬಾರದು. ದಾವಣಗೆರೆಯಲ್ಲಿ ಣ ಇದೆ, ಬಹಳ ಮಕ್ಕಳು ನ ಬರೆಯುತ್ತಾರೆ. ಚನ್ನಗಿರಿ, ಹೊನ್ನಾಳಿ, ಚಳ್ಳಕೆರೆಯಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ನ್ಯಾಮತಿಯಲ್ಲಿ ಬೇರೆ ಅಕ್ಷರದ ಒತ್ತು ಶುರುವಾಗುತ್ತದೆ.

ಹೊಳಲ್ಕೆರೆ, ಮೊಳಕಾಲ್ಮೂರು ನಿಜಕ್ಕೂ ಕಷ್ಟ, ಮತ್ತು ಕಷ್ಟ ಎಲ್ಲಿದೆ ಎಂದು ದೊಡ್ಡವರಿಗೂ ಕಾಣುವುದಿಲ್ಲ. "ಲ್ಕೆ" ಎಂದಾಗ ಎ ಸ್ವರ ಕೇಳುವುದು ಕಕಾರದ ಮೇಲೆ. ಬರೆಯುವಾಗ ಏತ್ವ ಹೋಗುವುದು ಲಕಾರಕ್ಕೆ, ಕ ಕೆಳಗೆ ಒತ್ತಾಗಿ ಇಳಿಯುತ್ತದೆ. ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು. ಅದಕ್ಕೇ ಮಕ್ಕಳು "ಹೊಳಲಕೆರೆ" ಎಂದು ಬಿಡಿಸಿ ಬರೆದುಬಿಡುತ್ತಾರೆ. ಮೊದಲು "ಲೆ" ಬರೆಸಿ, ಆಮೇಲೆ ಕೆಳಗೆ ಕ ಒತ್ತು ಕೊಡಿಸಿ. ಮೊಳಕಾಲ್ಮೂರಿಗೂ ಹಾಗೆಯೇ, "ಲೂ" ಬರೆದು ಕೆಳಗೆ ಮ ಒತ್ತು.

ಕೊನೆಗೆ ಹೊಸದುರ್ಗ, ಚಿತ್ರದುರ್ಗ. ಚಿತ್ರದುರ್ಗ ಎಂಬ ಒಂದೇ ಹೆಸರಿನಲ್ಲಿ ರಕಾರ ಎರಡು ವೇಷದಲ್ಲಿದೆ. "ತ್ರ"ದಲ್ಲಿ ತ ಮೊದಲು ಕೇಳುತ್ತದೆ, ರ ಕೆಳಗೆ ಒತ್ತು. "ರ್ಗ"ದಲ್ಲಿ ರ್ ಮೊದಲು ಕೇಳುತ್ತದೆ, ಆದರೆ ಅರ್ಕಾವೊತ್ತಾಗಿ ಗಕಾರದ ನಂತರ ಬರೆಯುತ್ತೇವೆ. ಇದು ತಿಳಿಯದೆ ಮಕ್ಕಳು "ಚಿತ್ರದುಗ್ರ" ಬರೆಯುತ್ತಾರೆ. ಚಪ್ಪಾಳೆ ತಟ್ಟಿ ಹೇಳಿಸಿ: ಚಿತ್-ರ-ದುರ್-ಗ. "ದುರ್" ಎಂದಾಗ ನಾಲಿಗೆ ಎಲ್ಲಿ ನಿಂತಿತು ಎಂದು ಮಗುವೇ ಗಮನಿಸಲಿ. ಆಮೇಲೆ ಸೂರ್ಯ, ಕಾರ್ಯ, ಮಾರ್ಗ ಇವನ್ನು ಒಂದು ಕಡೆ, ಚಿತ್ರ, ಪತ್ರ, ಚಕ್ರ ಇವನ್ನು ಇನ್ನೊಂದು ಕಡೆ ಬರೆಸಿ ಪಕ್ಕಪಕ್ಕ ಇಡಿ.

ದಿನಕ್ಕೆ ಎರಡು ಹೆಸರು. ಮಗು ಹೆಸರನ್ನು ನೋಡಬೇಕು, ಬಿಡಿಸಿ ಹೇಳಬೇಕು, ಮುಚ್ಚಿಟ್ಟು ಬರೆಯಬೇಕು, ತೆರೆದು ತಾನೇ ಹೋಲಿಸಿ ತಿದ್ದಬೇಕು. ನೋಡಿಕೊಂಡು ಹತ್ತು ಸಲ ಬರೆಸುವ ಪದ್ಧತಿ ಬಿಡಿ, ಎರಡನೇ ಸಲ ತಪ್ಪಿದರೆ ಉಳಿದ ಎಂಟು ಸಲವೂ ಆ ತಪ್ಪೇ ರೂಢಿಯಾಗುತ್ತದೆ. ಒಂದು ವಾರ ಬಿಟ್ಟು ಅದೇ ಹೆಸರುಗಳನ್ನು ಮತ್ತೆ ಕೇಳಿ.

ಇದರ ಜೊತೆ ಸ್ವಂತದ ಎರಡು ಮೂರು ಸಾಲು. ಅಂಗಡಿಗೆ ಚೀಟಿ, ಊರಲ್ಲಿರುವ ಚಿಕ್ಕಮ್ಮನಿಗೆ ಪತ್ರ, ಒಗ್ಗರಣೆ ಮಂಡಕ್ಕಿ ಮಾಡುವ ಬಗೆ, ಹೀಗೆ ಯಾರಾದರೂ ನಿಜವಾಗಿ ಓದುವ ಬರಹವಾಗಿರಲಿ. ಪುಸ್ತಕದ ಗೆರೆಯ ಬಗ್ಗೆಯೂ ಒಂದು ಮಾತು. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಒತ್ತೊತ್ತಾಗಿ ಗೆರೆಯಿರುವ ಪುಸ್ತಕದಲ್ಲಿ ಒತ್ತು ಕೆಳಗಿನ ಸಾಲಿಗೆ ತಾಗಿ, ಮಗು ಅದನ್ನು ಚಿಕ್ಕದು ಮಾಡುತ್ತಾ ಮಾಡುತ್ತಾ ಬಿಟ್ಟೇಬಿಡುತ್ತದೆ. ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಸಿ.

ಲೆಕ್ಕ: ಪೊರಕೆ ಕಡ್ಡಿ, ಸಂಡಿಗೆ, ಚಿಲ್ಲರೆ

ತೆಂಗಿನ ಪೊರಕೆಯ ಕಡ್ಡಿ ತೆಗೆದು ಬೆರಳುದ್ದಕ್ಕೆ ನೂರು ತುಂಡು ಮಾಡಿ. ತುದಿ ಚೂಪಿದ್ದರೆ ಕತ್ತರಿಸಿ. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಹತ್ತು ಕಟ್ಟು.

52−27 ಮಾಡುವಾಗ ಐದು ಕಟ್ಟು, ಎರಡು ಬಿಡಿ ಕಡ್ಡಿ ನೆಲದ ಮೇಲಿಡಿ. ಏಳು ಬಿಡಿ ಕೊಡು ಎನ್ನಿ. ಇರುವುದು ಎರಡೇ. ಏನು ಮಾಡಬೇಕೆಂದು ಹೇಳದೆ ಕಾಯಿರಿ, ಬಹುಪಾಲು ಮಕ್ಕಳು ತಾವೇ ಒಂದು ಕಟ್ಟು ಬಿಚ್ಚುತ್ತಾರೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು, ಎರಡು ಕಟ್ಟು ಕೊಟ್ಟರೆ ಎರಡು ಕಟ್ಟು. ಉತ್ತರ 25. ಕಡ್ಡಿಯಲ್ಲಿ ಮಾಡಿದ್ದನ್ನು ಆ ಕ್ಷಣವೇ ಪಕ್ಕದಲ್ಲಿ ಅಂಕಿಯಲ್ಲೂ ಬರೆಯಬೇಕು, ಇಲ್ಲದಿದ್ದರೆ ಕಡ್ಡಿ ಬೇರೆ, ಪುಸ್ತಕದ ಲೆಕ್ಕ ಬೇರೆ ಎಂದೇ ಉಳಿಯುತ್ತದೆ. "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುವುದಕ್ಕಿಂತ "ಕಟ್ಟು ಬಿಚ್ಚು" ಎನ್ನುವುದು ಒಳ್ಳೆಯದು. ಸಾಲ ಎಂದರೆ ತಿರುಗಿ ಕೊಡಬೇಕಲ್ಲವೇ ಎಂದು ಮಗು ಯೋಚಿಸುತ್ತದೆ. ಕಟ್ಟು ಬಿಚ್ಚುವುದರಲ್ಲಿ ನಡೆದದ್ದು ಕಣ್ಣೆದುರೇ ಇದೆ. ದಿನಕ್ಕೆ ನಾಲ್ಕು ಲೆಕ್ಕ, ಒಂದು ವಾರ ಕಡ್ಡಿ ಹಿಡಿದು, ಇನ್ನೊಂದು ವಾರ ಕಡ್ಡಿ ಇಲ್ಲದೆ. 34+28ಕ್ಕೆ ಇದೇ ಕೆಲಸ ತಿರುಗುಮುರುಗು, ಹನ್ನೆರಡು ಬಿಡಿಯಲ್ಲಿ ಹತ್ತು ಸೇರಿಸಿ ಕಟ್ಟು ಹಾಕುವುದು.

ಮಗ್ಗಿಗೆ ಬೇಸಿಗೆಯೇ ಸರಿಯಾದ ಕಾಲ, ಮಾಳಿಗೆ ಮೇಲೆ ಸಂಡಿಗೆ ಇಡುತ್ತೀರಲ್ಲ. ಸಾಲಿಗೆ ಆರರಂತೆ ನಾಲ್ಕು ಸಾಲು ಮಗುವಿನ ಕೈಯಲ್ಲೇ ಇಡಿಸಿ. ಎಣಿಸದೆ ಎಷ್ಟು ಎಂದು ಹೇಳಲಿ. ಈಗ ಪಕ್ಕದಿಂದ ಬಂದು ನೋಡಿದರೆ ಸಾಲಿಗೆ ನಾಲ್ಕರಂತೆ ಆರು ಸಾಲು, ಸಂಡಿಗೆ ಅಷ್ಟೇ 24. ನಾಲ್ಕಾರ್ಲಿ, ಆರ್ನಾಲ್ಕ್ಲಿ ಒಂದೇ ಎಂದು ಕಂಡ ಮಗುವಿಗೆ ಕಲಿಯಬೇಕಾದ ಮಗ್ಗಿ ಅರ್ಧವಾಯಿತು. ಕ್ರಮ: ಮೊದಲು 2, 5, 10, ಆಮೇಲೆ 3, 4, ಕೊನೆಗೆ 6ರ ಮೇಲಿನವು. ರಾಗವಾಗಿ ಹೇಳಿಸುವುದು ಚೆಂದವೇ, ಆದರೆ "ನಾಲ್ಕೇಳ್ಲಿ?" ಎಂದರೆ ಮೊದಲಿನಿಂದ ಹಾಡಿಕೊಂಡು ಬರುವ ಮಗುವಿಗೆ ಮಗ್ಗಿ ಇನ್ನೂ ಬಂದಿಲ್ಲ. ದಿನಕ್ಕೆ ಆರು ಪ್ರಶ್ನೆ, ಹಿಂದುಮುಂದಾಗಿ ಕೇಳಿ.

ವಾರಕ್ಕೆ ಎರಡು ಸಲವಾದರೂ ಮಗುವಿನ ಕೈಗೆ ನಗದು ಕೊಟ್ಟು ಅಂಗಡಿಗೆ ಕಳಿಸಿ. ಫೋನ್‌ಪೇ ಬಂದ ಮೇಲೆ ಮಕ್ಕಳು ಚಿಲ್ಲರೆ ನೋಡುವುದೇ ಕಡಿಮೆಯಾಗಿದೆ. 50 ರೂಪಾಯಿ ಕೊಟ್ಟು 34ರ ಸಾಮಾನು ತಂದರೆ ಹಳೆಯ ಅಂಗಡಿಯವರು ಚಿಲ್ಲರೆ ಎಣಿಸುವಂತೆ ಮೇಲಕ್ಕೆ ಎಣಿಸಲು ಕಲಿಸಿ: 34ಕ್ಕೆ ಆರು ಸೇರಿದರೆ 40, ಹತ್ತು ಸೇರಿದರೆ 50, ಒಟ್ಟು 16. ಇಂಗ್ಲಿಷ್ ಮಾಧ್ಯಮದ ಮಗುವಿಗೆ "ಅರವತ್ತೈದು" ಎಂದರೆ ಕಣ್ಣುಬಿಡುವ ಸಮಸ್ಯೆಯೂ ಇಲ್ಲೇ ಪರಿಹಾರವಾಗುತ್ತದೆ. ನೂರರವರೆಗಿನ ಅಂಕಿ ಎರಡೂ ಭಾಷೆಯಲ್ಲಿ ಬರಬೇಕು.

ಮಧ್ಯಾಹ್ನಕ್ಕೆ ಚೌಕಾಬಾರ

ಹನ್ನೆರಡರಿಂದ ನಾಲ್ಕರವರೆಗೆ ಮಕ್ಕಳು ಒಳಗೇ ಇರಬೇಕಾದ ಹೊತ್ತು. ಫೋನು ಕೊಡುವ ಬದಲು ನೆಲದ ಮೇಲೆ ಐದಕ್ಕೆ ಐದು ಮನೆ ಬರೆಯಿರಿ. ನಾಲ್ಕು ಕವಡೆ, ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳಿ. ನಾಲ್ಕೂ ಬಿಳಿ ಬಿದ್ದರೆ 4, ನಾಲ್ಕೂ ಕಪ್ಪಾದರೆ 8, ಎರಡಕ್ಕೂ ಇನ್ನೊಂದು ಆಟ.

ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ಒಂದು ಕಾಯಿ ಹಣ್ಣಾಗಲು ಹೊರಗೆ 15, ಒಳಗೆ 8, ಕೊನೆಗೆ 1, ಒಟ್ಟು 24 ಹೆಜ್ಜೆ. ಎರಡನೇ ತರಗತಿ ಮಗುವಿಗೆ ಕೇಳಿ: "ಈ ಕಾಯಿ 17 ನಡೆದಿದೆ, ಹಣ್ಣಾಗೋಕೆ ಇನ್ನೆಷ್ಟು?" ಯಾವ ಕಾಯಿ ನಡೆಸಿದರೆ ಎದುರಿನವರ ಕಾಯಿ ಹೊಡೆಯಬಹುದು ಎಂದು ಯೋಚಿಸುವಾಗ ಒಂದು ಆಟದಲ್ಲಿ ಹತ್ತಾರು ಕೂಡುವ, ಕಳೆಯುವ ಲೆಕ್ಕ ಮನಸ್ಸಿನಲ್ಲೇ ನಡೆದುಹೋಗುತ್ತವೆ. ಒಂದೊಂದೇ ಮನೆ ಬೆರಳಿಟ್ಟು ಎಣಿಸುವ ಚಿಕ್ಕ ಮಗುವನ್ನು ಅವಸರ ಮಾಡಬೇಡಿ. ಅಳಗುಳಿಮಣೆಯೂ ಒಳ್ಳೆಯದು, ಹದಿನಾಲ್ಕು ಗುಳಿಗೆ ಕಾಳು ಹಂಚುವುದೇ ಭಾಗಾಕಾರದ ಮೊದಲ ಪಾಠ.

ಭಾನುವಾರ ಬೆಳಗ್ಗೆ ಕೋಟೆಗೋ ಕುಂದವಾಡ ಕೆರೆಗೋ ಹೋದರೆ ಫಲಕಗಳನ್ನು ಮಗುವೇ ಓದಿ ಹೇಳಲಿ. ಬಸ್ಸಿನಲ್ಲಿ ಮೈಲಿಗಲ್ಲು ನೋಡಿ ಊರು ಇನ್ನೆಷ್ಟು ಕಿಲೋಮೀಟರ್ ಎಂದು ಕಳೆಯಲಿ. ವಾಣಿ ವಿಲಾಸ ಸಾಗರಕ್ಕೆ ಹೋಗುವ ನಾಲ್ಕನೇ ತರಗತಿ ಮಗುವಿಗೆ ಒಂದು ಲೆಕ್ಕ: ಅಣೆಕಟ್ಟು ಮುಗಿದದ್ದು 1907ರಲ್ಲಿ, ಈಗ ಅದಕ್ಕೆ ಎಷ್ಟು ವಯಸ್ಸು? ನಡುವೆ ಸೊನ್ನೆ ಇರುವ ಕಳೆಯುವ ಲೆಕ್ಕ, ಹೇಳಿದಷ್ಟು ಸುಲಭವಲ್ಲ.

ಓದೇ ಬರುತ್ತಿಲ್ಲ ಎಂದಾದರೆ

ಮೂರನೇ ತರಗತಿ ಮುಗಿದರೂ "ಮರ", "ಸರ" ಕೂಡಿಸಲು ಬರದಿದ್ದರೆ ಅದು ರಜೆಯ ಮರೆವಲ್ಲ. ಬೈಯುವುದರಿಂದ ಏನೂ ಆಗದು. ವರ್ಣಮಾಲೆಯ 49 ಅಕ್ಷರ ಮತ್ತೆ ಸಾಲಾಗಿ ತಿದ್ದಿಸಲು ಹೋಗದೆ, ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯ ದಾರಿಯಂತೆ ಕೆಲವೇ ಅಕ್ಷರ ಹಿಡಿಯಿರಿ. ರ, ಗ, ಸ, ದ ಈ ನಾಲ್ಕರಲ್ಲೇ ಸರ, ರಸ, ದರ, ಗರಗಸ ಓದಬಹುದು. ನಾಲ್ಕು ಅಕ್ಷರಕ್ಕೇ ಪದ ಓದಿದೆ ಎಂಬ ಧೈರ್ಯ ಮಗುವಿಗೆ ಬರುತ್ತದೆ. ಮೂರು ದಿನ ಬಿಟ್ಟು ಮ, ನ, ಜ, ವ, ಬ ಸೇರಿಸಿ. ಗುಣಿತ ಆಮೇಲೆ, ಒತ್ತು ಕೊನೆಗೆ.

ಪುಸ್ತಕ ಮೂಗಿನ ಹತ್ತಿರ ಹಿಡಿಯುವ, ಸಾಲು ಬಿಟ್ಟು ಸಾಲು ಓದುವ, ಕಣ್ಣು ಕಿರಿದು ಮಾಡುವ ಮಗುವನ್ನು ಈ ರಜೆಯಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕರೆದರೆ ತಿರುಗದಿದ್ದರೆ ಕಿವಿಯನ್ನೂ.

ಮೇ ಕೊನೆಯ ವಾರ

ಮಲಗುವ ಹೊತ್ತನ್ನು ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ತನ್ನಿ. ರಜೆಯ ಶುರುವಿನಲ್ಲಿ ಮಾಡಿದ 20 ನಿಮಿಷದ ಪರೀಕ್ಷೆಯನ್ನು ಅದೇ ಪದ, ಅದೇ ಲೆಕ್ಕ ಇಟ್ಟು ಮತ್ತೆ ಮಾಡಿ. ಎರಡು ಹಾಳೆ ಪಕ್ಕಪಕ್ಕ ಇಟ್ಟು ಮಗುವಿಗೇ ತೋರಿಸಿ, ಎಲ್ಲಿ ಸುಧಾರಿಸಿದೆ ಎಂದು ಅದೇ ಹೇಳಲಿ.

ಶಾಲೆ ತೆರೆದ ಕೂಡಲೇ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯದು ಎಷ್ಟು ಉಳಿದಿದೆ ಎಂದು ಶಿಕ್ಷಕರು ನೋಡುವುದು ಆಗಲೇ. ಆ ಎರಡು ಹಾಳೆಗಳನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಮೊದಲ ವಾರದಲ್ಲೇ ಟೀಚರ್ ಕೈಗೆ ಕೊಡಿ: "ಅರ್ಕಾವೊತ್ತು ಇನ್ನೂ ತಪ್ಪುತ್ತೆ ಮೇಡಂ, ಕಳೆಯೋ ಲೆಕ್ಕ ಈಗ ಮಾಡ್ತಾಳೆ."